ಎರೆ ಮಣ್ಣಿನಲ್ಲಿ ಒಂದೂವರೆ ವರ್ಷ ಓಡಿದ ನನ್ನ ಆರ್‌ಸಿ ಬಗ್ಗಿ

ನನ್ನ ಪುಟ್ಟ ರಿಮೋಟ್ ಕಾರಿನಲ್ಲಿ ಮೊದಲ ನಾಲ್ಕು ತಿಂಗಳಲ್ಲಿ, ಮೋಟಾರಿನ ಬಲವನ್ನು ಗಾಲಿಗೆ ದಾಟಿಸುವ ಮೂರು ಸ್ಪರ್ ಗೇರ್‌ಗಳ ಹಲ್ಲು ಉದುರಿದವು. ಈ ವಿಮರ್ಶೆ ಬರೆಯಲು ಕೂತಿದ್ದೇ ಅದಕ್ಕೆ. ವೇಗ ಎಷ್ಟು, ರಿಮೋಟ್ ಎಷ್ಟು ದೂರ ಹಿಡಿಯುತ್ತದೆ ಅನ್ನೋದನ್ನೆಲ್ಲ ನೀವು ಬೇರೆ ವಿಮರ್ಶೆಗಳಲ್ಲಿ ನೋಡಿಯೇ ಇರುತ್ತೀರಿ. ನನ್ನದು ನಿಜವಾದ ಗಾಡಿಯ 1/14 ಅಳತೆಯ ಬಗ್ಗಿ, ನಾಲ್ಕೂ ಗಾಲಿ ಎಳೆಯುತ್ತದೆ, ಒಳಗೆ ಕಾರ್ಬನ್ ಬ್ರಷ್ ಇರುವ ಬ್ರಷ್ಡ್ ಮೋಟಾರ್. ಓಡಿಸೋದು ಗದಗ-ಬೆಟಗೇರಿಯ ಅಂಚಿನ ಖಾಲಿ ಹೊಲಗಳಲ್ಲಿ.

ಕೈಯಲ್ಲಿದ್ದದ್ದು 12,000 ರೂಪಾಯಿ. ಬ್ರಷ್ ಇಲ್ಲದ ಮೋಟಾರಿನ, ಅಂದರೆ ಬ್ರಷ್‌ಲೆಸ್ ಗಾಡಿ ಮೇಲೆ ಆಸೆ ಜಾಸ್ತಿ ಇತ್ತು. ಆದರೆ ಅದನ್ನು ತಗೊಂಡರೆ ಎರಡನೇ ಬ್ಯಾಟರಿಗೆ, ಬ್ಯಾಟರಿಯ ಎಲ್ಲ ಸೆಲ್ ಸಮನಾಗಿ ತುಂಬುವ ಒಳ್ಳೆಯ ಬ್ಯಾಲೆನ್ಸ್ ಚಾರ್ಜರ್‌ಗೆ ದುಡ್ಡು ಉಳಿಯುತ್ತಿರಲಿಲ್ಲ. ಒಂದೇ ಬ್ಯಾಟರಿ ಅಂದರೆ ಹತ್ತು-ಹನ್ನೆರಡು ನಿಮಿಷ ಆಟ, ಆಮೇಲೆ ಎರಡು-ಮೂರು ತಾಸು ಕಾಯೋದು. ಬ್ರಷ್ಡ್ ಮೋಟಾರ್ ಸವೆಯುತ್ತದೆ ನಿಜ. ಆದರೆ ಬದಲಿಸೋದು ಅಗ್ಗ. ಈಗ ತಗೊಂಡರೂ ನಾನು ಇದನ್ನೇ ತಗೊಳ್ಳುತ್ತೇನೆ.

ಗೇರ್ ಹೋದಾಗ ಮಾರಿದವರನ್ನು ಕೇಳಿದೆ. ‘ಜೋರಾಗಿ ಓಡಿಸಿರ್ತೀರಿ’ ಎಂದರು, ಅಷ್ಟೇ. ಪ್ರತಿ ಸಲ ಹೊಸ ಗೇರ್ ಬರಲು ಮೂರು ವಾರ. ಗಾಡಿ ಗೋಡೆಯ ಮಾಡಿನಲ್ಲಿ ಕೂತಿರುತ್ತಿತ್ತು. ಮೂರನೇ ಸಲ ನಿಜಕ್ಕೂ ಸಿಟ್ಟು ಬಂತು. ಒಮ್ಮೆಲೇ ಮೂರು ಗೇರ್ ತರಿಸಿಟ್ಟೆ.

ಅದರಲ್ಲಿ ಒಂದನ್ನು ಕಟ್ಟೆ ಮೇಲೆ ಕೂತು ಹಾಕುತ್ತಿದ್ದೆ. ನಮ್ಮ ಓಣಿಯಲ್ಲಿ ಮಗ್ಗ ರಿಪೇರಿ ಮಾಡುವ ಕಾಕಾ ಬಂದು, ಗಾಲಿ ತಿರುಗಿಸಿ, ಕಿವಿಗೊಟ್ಟು ಕೇಳಿದರು. ‘ಹಲ್ಲಿಗೆ ಹಲ್ಲು ಒತ್ತಿ ಕುಂತಾವ ನೋಡಪಾ. ಉಸಿರಾಡಾಕ ಜಾಗಾನ ಇಲ್ಲ. ಮ್ಯಾಲೆ ಗ್ರೀಸ್ ಬ್ಯಾರೆ ಬಳದೀಯಲ್ಲ. ಎರಿ ಧೂಳು ಅದಕ್ಕ ಹತ್ತಿ, ಕಾನಸ ಹಚ್ಚಿದಂಗ ಸವಸಾಕತ್ತೇತಿ.’

ಎರಡೂ ಮಾತು ಸರಿ. ಎರೆಯ ಧೂಳು ಹಿಟ್ಟಿನಷ್ಟು ನುಣುಪು, ಎಲ್ಲಿ ಸಂದು ಸಿಕ್ಕರೂ ಒಳಗೆ ಹೋಗುತ್ತದೆ. ಮುಚ್ಚಳವಿಲ್ಲದ ಗೇರ್‌ಗೆ ಗ್ರೀಸ್ ಹಚ್ಚಲೇಬಾರದು. ಪೂರ್ತಿ ಒರೆಸಿದೆ. ಆಮೇಲೆ ನೋಟ್‌ಬುಕ್ಕಿನ ಹಾಳೆಯಿಂದ ಸಣ್ಣ ಪಟ್ಟಿ ಕತ್ತರಿಸಿ ಪಿನಿಯನ್ (ಮೋಟಾರಿನ ತುದಿಯ ಸಣ್ಣ ಗೇರ್) ಮತ್ತು ಸ್ಪರ್ ನಡುವೆ ಇಟ್ಟೆ. ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿದೆ. ಗೇರ್ ತಿರುಗಿಸಿದಾಗ ಹಾಳೆ ಹರಿಯದೆ, ನಿರಿಗೆ ಬಿದ್ದು ಹೊರಗೆ ಬರಬೇಕು. ಬಂತು. ಪ್ಲಾಸ್ಟಿಕ್ ಗೇರ್ ಎಲ್ಲ ಕಡೆ ಒಂದೇ ಸಮ ದುಂಡಗಿರಲ್ಲ. ಅದಕ್ಕೇ ಒಂದು ಪೂರ್ತಿ ಸುತ್ತು ತಿರುಗಿಸಿ, ನಾಲ್ಕೈದು ಕಡೆ ಬೆರಳಿನಿಂದ ಅಲುಗಾಡಿಸಿ ನೋಡಿ. ಎಲ್ಲ ಕಡೆ ಕೂದಲೆಳೆಯಷ್ಟು ಸಡಿಲ ಇರಬೇಕು. ಮೋಟಾರ್ ಸ್ಕ್ರೂಗೆ ಸಡಿಲಾಗದಂತೆ ಹಿಡಿಯುವ ನೀಲಿ ಥ್ರೆಡ್ ಲಾಕರ್ ಅಂಟು ಒಂದು ಹನಿ ಹಾಕಿ. ಜೊತೆಗೆ ಪಿನಿಯನ್ನನ್ನೂ ಎರಡು ಹಲ್ಲು ಕಡಿಮೆ ಇರೋದಕ್ಕೆ ಬದಲಿಸಿದೆ. ತುದಿವೇಗ ಸ್ವಲ್ಪ ತಗ್ಗಿತು. ಆದರೆ ಮೊದಲು ಮೋಟಾರ್ ಮೇಲೆ ಬೆರಳಿಡೋಕೆ ಆಗ್ತಿರಲಿಲ್ಲ, ಈಗ ಇಡಬಹುದು.

ಅಲ್ಲಿಂದ ಈ ಗಾಡಿ ನನ್ನದಾಯಿತು. ಈಗ ಓಡಿಸೋದಕ್ಕಿಂತ ಸಂಜೆ ಮನೆಗೆ ಬಂದ ಮೇಲಿನ ಅರ್ಧ ತಾಸು ನನಗೆ ಹೆಚ್ಚು ಇಷ್ಟ. ಕಟ್ಟೆ ಮೇಲೆ ಹಳೇ ಪೇಪರ್ ಹಾಸುತ್ತೇನೆ. ಬಣ್ಣ ಹಚ್ಚುವ ಒಣ ಬ್ರಷ್‌ನಿಂದ ಮೊದಲು ಶಾಕ್ ಅಬ್ಸಾರ್ಬರ್‌ಗಳ ಸುತ್ತ, ಆಮೇಲೆ ಗಾಲಿಯ ಹಿಂದೆ, ಕೊನೆಗೆ ಗೇರ್ ಹತ್ತಿರ ಧೂಳು ಕೊಡವುತ್ತೇನೆ. ಒಂದೊಂದೇ ಗಾಲಿ ತಿರುಗಿಸಿ ಬೇರಿಂಗ್ ಸಪ್ಪಳ ಕೇಳುತ್ತೇನೆ. ಮರಳು ಹೊರಳಿದಂತೆ ಕೇಳಿಸಿದರೆ ಆ ಬೇರಿಂಗ್ ಬಿಚ್ಚಿ ತೊಳೆಯಬೇಕು. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಪೂರ್ತಿ ತುಂಬಿ ಇಡಬೇಡಿ, ಖಾಲಿಯೂ ಇಡಬೇಡಿ. ಒಂದು ಸೆಲ್‌ಗೆ 3.8 ವೋಲ್ಟ್‌ಗೆ ತಂದು ಇಡಿ. ಬಿಸಿ ಇರುವಾಗಲಂತೂ ಚಾರ್ಜ್‌ಗೆ ಹಾಕಲೇಬೇಡಿ.

ಬೇಸಿಗೆಯಲ್ಲಿ ಎರೆ ಬಿರುಕು ಬಿಡುತ್ತದಲ್ವಾ, ಮುಂದಿನ ಗಾಲಿ ಅದರಲ್ಲಿ ಸಿಕ್ಕಿ ಗಾಡಿ ಪಲ್ಟಿ ಹೊಡೆಯುತ್ತಿತ್ತು. ಶಾಕ್‌ಗಳಿಗೆ ತೆಳು ಸಿಲಿಕೋನ್ ಎಣ್ಣೆ ಹಾಕಿ, ಗಾಡಿಯನ್ನು ಸ್ವಲ್ಪ ಎತ್ತರಿಸಿದೆ. ಒಂದು ಗೇಣು ಮೇಲಿನಿಂದ ಕೈಬಿಟ್ಟು ನೋಡಿ. ಪುಟಿಯದೆ ಮೆತ್ತಗೆ ಕುಳಿತರೆ ಸರಿ. ತಳ ನೆಲಕ್ಕೆ ಬಡಿದರೆ ಎಣ್ಣೆ ತೀರಾ ತೆಳುವಾಯಿತು ಅಂತ.

ಮಳೆ ಬಿದ್ದ ಮೇಲೆ ಎರೆಗೆ ಇಳಿಸಲೇಬೇಡಿ. ಮಣ್ಣು ಗಾಲಿಗೆ ಮೆತ್ತಿ ತೂಕ ಏರುತ್ತದೆ, ಮೋಟಾರ್ ಸುಡುತ್ತದೆ. ಆಗ ನಾನು ಧಾರವಾಡದ ಅಕ್ಕನ ಮನೆಗೆ ಒಯ್ಯುತ್ತೇನೆ. ಅಲ್ಲಿಯ ಕೆಂಪು ಗರಸಿನ ಮೇಲೆ ಮಳೆ ನಿಂತ ಮರುದಿನವೇ ಓಡಿಸಬಹುದು. ಅಲ್ಲಿ ನೆಲ ಗಟ್ಟಿ, ಅದಕ್ಕೇ ಗಾಡಿಯನ್ನು ಮತ್ತೆ ಸ್ವಲ್ಪ ತಗ್ಗಿಸುತ್ತೇನೆ. ಇಲ್ಲದಿದ್ದರೆ ತಿರುವಿನಲ್ಲಿ ಮಗುಚುತ್ತದೆ.

ಅಕ್ಕನ ಮಗನೂ ಈಗ ಇದೇ ಬಗ್ಗಿ ತಗೊಂಡಿದ್ದಾನೆ. ‘ಮಾಮಾ, ಮೊದಲ ಏನ್ ಮಾಡ್ಲಿ?’ ಎಂದು ಕೇಳಿದ. ಓಡಿಸೋ ಮುಂಚೆ ಗೇರ್ ಬಿಚ್ಚಿಸಿ, ಹಾಳೆ ಇಡೋದನ್ನು ತೋರಿಸಿದೆ. ಸಿಟ್ಟಿನಲ್ಲಿ ತರಿಸಿಟ್ಟ ಮೂರರಲ್ಲಿ ಇನ್ನೂ ಎರಡು ಗೇರ್ ಒಡೆಯದ ಪೊಟ್ಟಣದಲ್ಲೇ ಇದ್ದವು. ಒಂದನ್ನು ಅವನಿಗೆ ಕೊಟ್ಟೆ.