ದೈವಕರುಣೆಯ ಜಪಕ್ಕೆ ಎಂಥ ಜಪಸರ ಕೊಳ್ಳಬೇಕು? ಮಲೆನಾಡಿನ ಮಳೆಯನ್ನೂ ಲೆಕ್ಕಕ್ಕಿಟ್ಟು

ದೈವಕರುಣೆಯ ಜಪ ಅಂದರೆ ಕಥೋಲಿಕ ಕ್ರೈಸ್ತರು ಜಪಸರದ ಮಣಿ ಎಣಿಸುತ್ತಾ ದೇವರ ಕರುಣೆ ಬೇಡುವ ಪ್ರಾರ್ಥನೆ. ಮಲೆನಾಡಿನಲ್ಲಿ ಅದಕ್ಕೆ ದಿನಾ ಕೈಯಲ್ಲಿ ಹಿಡಿಯುವುದಕ್ಕೆ ನೈಲಾನ್ ದಾರದಲ್ಲಿ ಪೋಣಿಸಿ ಗಂಟು ಹಾಕಿದ ಸಾದಾ ಜಪಸರವೇ ಸರಿ. ನೋಡೋಕೆ ಅಂದವೇನಿಲ್ಲ, ಉಡುಗೊರೆ ಕೊಟ್ಟರೆ ಯಾರೂ ಹೊಗಳುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ತೀರ್ಥಹಳ್ಳಿ, ಹೊಸನಗರದ ಕಡೆ ಇದರಷ್ಟು ತಾಳುವ ಸರ ಇನ್ನೊಂದಿಲ್ಲ. ದೇವಾಲಯದ ಹಬ್ಬಕ್ಕೆ ಅಂಗಳದಲ್ಲಿ ಹಾಕುವ ಮಳಿಗೆಗಳಲ್ಲಿ ಸಿಗುವ ಬಗೆಗಳನ್ನೇ ಇಲ್ಲಿ ತೂಗಿ ನೋಡಿದ್ದೇವೆ. ಜೊತೆಗೆ ಕೊಡುವ ಪ್ರಾರ್ಥನೆಯ ಚೀಟಿ ಮತ್ತು ಪಟದ ಬಗ್ಗೆಯೂ ಹೇಳುವುದಿದೆ, ಅದರಲ್ಲೂ ಚೀಟಿಯ ಬಗ್ಗೆ.

ಮೊದಲಿಗೆ, ದೈವಕರುಣೆಯ ಜಪಕ್ಕೆ ಬೇರೆ ಸರ ಬೇಕಿಲ್ಲ. ಕೆಂಪು ಬಿಳಿ ಮಣಿ ಸೇರಿಸಿ ‘ಸ್ಪೆಷಲ್ ಡಿವೈನ್ ಮರ್ಸಿ’ ಅಂತ ಹೆಚ್ಚು ಬೆಲೆಗೆ ಮಾರುವವರಿದ್ದಾರೆ. ಬಣ್ಣ ಇಷ್ಟವಾದರೆ ತೆಗೆದುಕೊಳ್ಳಿ, ಅಗತ್ಯ ಅಂದುಕೊಂಡು ಬೇಡ. ಪೋಲೆಂಡಿನ ಕನ್ಯಾಸ್ತ್ರೀ ಸಂತ ಫಾಸ್ಟಿನಾ ಕೊವಾಲ್ಸ್ಕಾ 1935ರ ಸೆಪ್ಟೆಂಬರ್‌ನಲ್ಲಿ ವಿಲ್ನಿಯಸ್‌ನಲ್ಲಿದ್ದಾಗ ತಮ್ಮ ದಿನಚರಿಯಲ್ಲಿ ಈ ಜಪವನ್ನು ಬರೆದಿಟ್ಟರು. ಮಾತೆ ಮರಿಯಮ್ಮನ ಮಾಮೂಲಿ ಜಪಸರದ ಮೇಲೆಯೇ ಇದನ್ನು ಹೇಳಬೇಕೆಂದು ಅಲ್ಲೇ ಇದೆ. ಮನೆಯಲ್ಲಿ ಅಜ್ಜಿ ಕಾಲದಿಂದ ‘ತೇರ್ಸ್’ (ಜಪಸರದ ಪ್ರಾರ್ಥನೆ) ಹೇಳುತ್ತಿರುವ ಕೊಂಕಣಿ ಕುಟುಂಬಗಳಿಗೂ ಹಳೆಯ ಸರವೇ ಸಾಕು.

ಅಂಗಡಿಯಲ್ಲೇ ನಿಂತು ಎಣಿಸಿ. ನಾಚಿಕೆ ಬೇಡ. ಐದು ದಶಕದ (ಹತ್ತು ಮಣಿಯ ಗುಂಪಿಗೆ ದಶಕ ಅನ್ನುತ್ತಾರೆ) ಪೂರ್ತಿ ಸರದಲ್ಲಿ 59 ಮಣಿ ಇರಬೇಕು: ಶಿಲುಬೆಯಿಂದ ಪದಕದವರೆಗಿನ ಬಾಲದಲ್ಲಿ ಐದು, ಸುತ್ತಿನಲ್ಲಿ 54. ಸುತ್ತಿನಲ್ಲಿ ಹತ್ತರ ಐದು ಗುಂಪು, ನಡುನಡುವೆ ನಾಲ್ಕು ದೊಡ್ಡ ಮಣಿ. ಅಗ್ಗದ ಸರಗಳಲ್ಲಿ ಒಂದು ಗುಂಪಿಗೆ ಒಂಬತ್ತು, ಪಕ್ಕದ್ದಕ್ಕೆ ಹನ್ನೊಂದು ಬಿದ್ದಿರುವುದುಂಟು. ಒಬ್ಬರೇ ಹೇಳುವಾಗ ಪರವಾಗಿಲ್ಲ, ಹತ್ತು ಜನ ಕೂತು ಹೇಳುವಾಗ ಮುಂದಾಳುವಿನ ಸರ ಹಾಗಿದ್ದರೆ ಎಲ್ಲರ ಲೆಕ್ಕವೂ ಕಲಸಿಹೋಗುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಕಣ್ಣು ಮುಚ್ಚಿ ಸರವನ್ನು ಬೆರಳಲ್ಲಿ ಜಾರಿಸಿ. ದೊಡ್ಡ ಮಣಿ ಬಂದಾಗ ಬೆರಳಿಗೆ ಗೊತ್ತಾಗಬೇಕು, ಒಂದೋ ಗಾತ್ರದಿಂದ, ಇಲ್ಲವೇ ಅದರ ಎರಡೂ ಕಡೆ ಬಿಟ್ಟ ಜಾಗದಿಂದ. ಬರೀ ಬಣ್ಣದಲ್ಲಿ ವ್ಯತ್ಯಾಸ ಮಾಡಿ, ಗಾತ್ರ ಮತ್ತು ಅಂತರ ಎರಡನ್ನೂ ಒಂದೇ ಇಟ್ಟ ಸರ ನಮ್ಮ ಊರಿಗೆ ಆಗದು. ಮಳೆಗಾಲದ ಸಂಜೆ ಕರೆಂಟು ಹೋದ ಮೇಲೆ ಕೆಂಪು ಯಾವುದು ಬಿಳಿ ಯಾವುದು? ಮಣಿ ಆರು ಮಿಲಿಮೀಟರ್ ಇದ್ದರೆ ಜೇಬಿಗೆ ಹಗುರ. ಬೆರಳು ಮರಗಟ್ಟಿದ ಹಿರಿಯರಿಗೆ ಎಂಟು ಮಿಲಿಮೀಟರ್‌ನದು ಕೊಡಿಸಿ.

ಪ್ಲಾಸ್ಟಿಕ್ ಮಣಿ, ತಂತಿಯ ಕೊಂಡಿ ಇರುವುದು ಎಲ್ಲಕ್ಕಿಂತ ಅಗ್ಗ. ಮಕ್ಕಳ ಕೈಗೆ ಮೊದಲ ಸರವಾಗಿ ಅಡ್ಡಿಯಿಲ್ಲ. ತೊಂದರೆ ಬರುವುದು ಮಣಿಯಲ್ಲಲ್ಲ, ಕೊಂಡಿಯಲ್ಲಿ. ಪದಕದ ಮೂರು ಕಿವಿಗಳಿಗೆ ಸೇರುವ ಉಂಗುರಗಳು ಬೆಸೆದಿರುವುದಿಲ್ಲ, ಬಗ್ಗಿಸಿ ಮುಚ್ಚಿರುತ್ತಾರೆ ಅಷ್ಟೆ. ಜೇಬಿನಿಂದ ಎಳೆಯುವಾಗ ಸರದ ಪೂರ್ತಿ ಭಾರ ಅಲ್ಲಿಗೇ ಬಿದ್ದು ಬಾಯಿ ಬಿಡುತ್ತದೆ. ಮನೆಗೆ ತಂದ ದಿನವೇ ಸಣ್ಣ ಇಕ್ಕಳದಲ್ಲಿ ಆ ಮೂರು ಉಂಗುರಗಳನ್ನು ಒತ್ತಿಬಿಟ್ಟರೆ ಬಾಳಿಕೆ ಹೆಚ್ಚುತ್ತದೆ. ಕಬ್ಬಿಣದ ತಂತಿಗೆ ಮೇಲೆ ಹೊಳಪು ಕೊಟ್ಟಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಬಿಳಿ ಅಂಗಿಯ ಜೇಬಿಗೆ ಕಂದು ಗೆರೆ ಬೀಳುತ್ತದೆ. ಹಿತ್ತಾಳೆಯಾದರೆ ಕಿಲುಬು. ಸ್ಟೀಲ್ ತಂತಿಯದು ಸಿಕ್ಕರೆ ಮಾತ್ರ ಹೆಚ್ಚು ದುಡ್ಡು ಕೊಡಬಹುದು.

ಮರದ ಮಣಿಯದು ಕೈಗೆ ಹಿತ, ಎಲ್ಲರಿಗೂ ಇಷ್ಟ, ಮಲೆನಾಡಿನಲ್ಲಿ ಬೇಗ ಕೆಡುವುದೂ ಅದೇ. ತೇವಕ್ಕೆ ಮರ ಉಬ್ಬುತ್ತದೆ, ತೂತು ಬಿಗಿಯಾಗಿ ಮಣಿ ದಾರದ ಮೇಲೆ ಓಡುವುದೇ ಇಲ್ಲ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೂಷ್ಟು, ಮುಗ್ಗಲು ವಾಸನೆ. ಕಪ್ಪು ಬಣ್ಣ ಹಾಕಿದ ಅಗ್ಗದ ಮರವಾದರೆ ಬೆವರಿದ ಬೆರಳಿಗೆ ಬಣ್ಣ ಹತ್ತುತ್ತದೆ. ಬಟ್ಟೆಗೆ ಒಂದೇ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ತಿಂಗಳಿಗೊಮ್ಮೆ ಒರೆಸಿ, ಗಾಳಿಯಾಡುವ ಕಡೆ ಮೊಳೆಗೆ ನೇತುಹಾಕಿದರೆ ಉಳಿಯುತ್ತದೆ. ದಾರಕ್ಕೆ ಎಣ್ಣೆ ತಾಗಿಸಬೇಡಿ, ಕೊಳೆ ಕೂರುತ್ತದೆ. ‘ಶ್ರೀಗಂಧದ ಮಣಿ’ ಅಂದರೆ ಶ್ರೀಗಂಧ ಕೆತ್ತುವ ಗುಡಿಗಾರರ ಸೀಮೆಯವರಾದ ನಾವು ಸುಲಭಕ್ಕೆ ನಂಬಬಾರದು. ಮಣಿಯ ಹೊರಮೈ ಮೂಸಬೇಡಿ, ತೂತಿನ ಬಾಯಿ ಮೂಸಿ, ಒಳಗಿನ ಬಣ್ಣ ನೋಡಿ. ಹೊರಗೆ ಘಮ್ಮೆಂದು ಒಳಗೆ ಬಿಳಿಚಿಕೊಂಡು ವಾಸನೆಯೇ ಇಲ್ಲದಿದ್ದರೆ ಅದು ಸೆಂಟು ಕುಡಿದ ಬೇರೆ ಮರ.

ಗಾಜಿನದು, ಕ್ರಿಸ್ಟಲ್‌ನದು ಮೊದಲ ಪರಮಪ್ರಸಾದಕ್ಕೆ, ಮದುವೆಗೆ ಕೊಡುವ ಸರ. ಜಾರುತ್ತದೆ, ಭಾರ, ಬೆಂಚಿಗೆ ತಾಗಿದರೆ ಸದ್ದು. ಇಷ್ಟು ಸಾಕು ಅದರ ಬಗ್ಗೆ.

ನೈಲಾನ್ ದಾರದ್ದಕ್ಕೆ ಬರೋಣ. ತೊಳೆಯಬಹುದು, ಒದ್ದೆಯಾದರೆ ಬೇಗ ಒಣಗುತ್ತದೆ, ಸದ್ದಿಲ್ಲ. ಮೆಗ್ಗಾನ್ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಪಕ್ಕ ಕೂತು ಹೇಳಿದರೂ ಆಚೆ ಹಾಸಿಗೆಯವರ ನಿದ್ದೆ ಕೆಡುವುದಿಲ್ಲ. ಇದೂ ಕೆಡುತ್ತದೆ, ಒಂದೇ ಜಾಗದಲ್ಲಿ. ಪದಕದ ಲೋಹದ ಕಿವಿಯ ಅಂಚಿಗೆ ದಾರ ಉಜ್ಜಿ ಉಜ್ಜಿ ಎಳೆ ಬಿಡುತ್ತದೆ. ಕೊಳ್ಳುವಾಗಲೇ ಅಲ್ಲಿ ದಾರ ಎರಡು ಸುತ್ತು ಹಾದಿದೆಯೇ ನೋಡಿ, ಇಲ್ಲವೇ ಪದಕದ ಬದಲು ದೊಡ್ಡ ಗಂಟೇ ಇರುವ ಸರ ತೆಗೆದುಕೊಳ್ಳಿ. ತುದಿ ಬಿಚ್ಚಿಕೊಂಡರೆ ಲೈಟರಿನ ಉರಿಗೆ ಒಂದು ಕ್ಷಣ ತೋರಿಸಿ ಚಮಚದ ಹಿಂಬದಿಯಿಂದ ಒತ್ತಿ. ದಾರ ಕಪ್ಪಾಗುವವರೆಗೆ ಹಿಡಿದರೆ ಗಟ್ಟಿಯಾಗುವುದಿಲ್ಲ, ಪುಡಿಯಾಗುತ್ತದೆ.

ಬಸ್ಸಿನಲ್ಲಿ ಓಡಾಡುವವರಿಗೆ ಹತ್ತು ಗುಬುಟಿನ ಉಂಗುರ ಸಿಗುತ್ತದೆ. ಒಂದು ಕೈಯಲ್ಲಿ ಉಂಗುರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳು ಮಡಚಿ ಐದು ಸುತ್ತು ಲೆಕ್ಕ ಹಿಡಿಯಬೇಕು. ಜಪಕ್ಕೆ ಏಳೆಂಟು ನಿಮಿಷ, ನಿಧಾನವಾಗಿ ಹೇಳಿದರೆ ಹತ್ತು. ತೀರ್ಥಹಳ್ಳಿ ಬಸ್ಸು ಶಿವಮೊಗ್ಗ ಬಿಟ್ಟು ಗಾಜನೂರು ದಾಟುವುದರೊಳಗೆ ಆರಾಮವಾಗಿ ಮುಗಿಯುತ್ತದೆ. ನಿಂತು ಪ್ರಯಾಣಿಸುವವರು ಮಾತ್ರ ಕಂಬಿ ಹಿಡಿಯುವ ಕೈಗೆ ಉಂಗುರ ಹಾಕಬೇಡಿ. ಗುಬುಟು ಒತ್ತಿ ಬೆರಳು ನೋಯುತ್ತದೆ.

ಇನ್ನು ಚೀಟಿ. ಕ್ರಮ ಹೀಗಿದೆ, ನಿಮ್ಮ ಚೀಟಿಯಲ್ಲಿರುವುದನ್ನು ಇದಕ್ಕೆ ತಾಳೆ ನೋಡಿ. ಶಿಲುಬೆಯ ಗುರುತು. ಬಾಲದ ಮೂರು ಸಣ್ಣ ಮಣಿಗಳ ಮೇಲೆ ಪರಲೋಕ ಪ್ರಾರ್ಥನೆ, ನಮೋ ಮರಿಯ, ಪ್ರೇಷಿತರ ವಿಶ್ವಾಸ ಸಂಗ್ರಹ. ಆಮೇಲೆ ಪ್ರತಿ ದಶಕದ ಮುಂಚಿನ ದೊಡ್ಡ ಮಣಿಗೆ ನಿತ್ಯಪಿತನಿಗೆ ಮಾಡುವ ಅರ್ಪಣೆ: ಆತನ ಪ್ರಿಯಪುತ್ರನ ಶರೀರ, ರಕ್ತ, ಆತ್ಮ, ದೈವತ್ವಗಳನ್ನು ನಮ್ಮ ಮತ್ತು ಇಡೀ ಲೋಕದ ಪಾಪಗಳ ಪರಿಹಾರಕ್ಕಾಗಿ ಒಪ್ಪಿಸುವುದು. ಹತ್ತು ಸಣ್ಣ ಮಣಿಗೆ, ಯೇಸುವಿನ ಯಾತನೆಯನ್ನು ನೆನೆದು ನಮ್ಮ ಮೇಲೂ ಇಡೀ ಲೋಕದ ಮೇಲೂ ಕರುಣೆ ಬೇಡುವ ಒಂದೇ ಸಾಲು. ಐದೂ ದಶಕ ಮುಗಿದ ಮೇಲೆ ‘ಪರಿಶುದ್ಧ ದೇವರೇ’ ಎಂದು ಶುರುವಾಗುವ ಹಳೆಯ ಸ್ತುತಿ ಮೂರು ಸಲ. ಅರ್ಪಣೆ ಐದು, ಕರುಣೆಯ ಬೇಡಿಕೆ ಐವತ್ತು, ಸ್ತುತಿ ಮೂರು. ಪದಗಳು ಒಂದು ಮುದ್ರಣದಿಂದ ಇನ್ನೊಂದಕ್ಕೆ ಚೂರುಪಾರು ಬೇರೆಯಾಗುತ್ತವೆ. ನಿಮ್ಮ ಧರ್ಮಕೇಂದ್ರದಲ್ಲಿ ಹೇಳುವ ಪಾಠವನ್ನೇ ಹಿಡಿದುಕೊಳ್ಳಿ. ಗುಂಪಿನಲ್ಲಿ ಅರ್ಧ ಸಾಲು ಮುಂದಾಳು, ಉಳಿದರ್ಧ ಜನ. ಅಲ್ಲಿ ಎರಡು ಪಾಠ ಬೆರೆತರೆ ಜಪ ಹೋಗಿ ಗದ್ದಲವಾಗುತ್ತದೆ.

ಜನ ಎಡವುವುದು ಬಹಳ ಮಟ್ಟಿಗೆ ಅಭ್ಯಾಸಬಲದಿಂದ. ಬೆರಳು ಸಣ್ಣ ಮಣಿಗೆ ಬಂದ ಕೂಡಲೇ ಬಾಯಿ ತಾನಾಗಿ ‘ನಮೋ ಮರಿಯ’ ಅನ್ನುತ್ತದೆ. ದಶಕದ ಕೊನೆಗೆ ಪಿತ, ಸುತ, ಪವಿತ್ರಾತ್ಮರಿಗೆ ಮಹಿಮೆ ಹೇಳುವ ತ್ರಿತ್ವದ ಸ್ತುತಿ ಸೇರಿಸುತ್ತಾರೆ, ಈ ಜಪದಲ್ಲಿ ಅದಿಲ್ಲ. ಹೇಳಿದರೆ ಪಾಪವೇನಿಲ್ಲ, ಗುಂಪಿನಲ್ಲಿ ಮಾತ್ರ ಲಯ ತಪ್ಪುತ್ತದೆ. ಮಧ್ಯಾಹ್ನ ಮೂರಕ್ಕೇ ಹೇಳಬೇಕು, ತಪ್ಪಿದರೆ ಫಲವಿಲ್ಲ ಅನ್ನುವುದೂ ಸರಿಯಲ್ಲ. ಮೂರು ಗಂಟೆ ಪ್ರಭು ಶಿಲುಬೆಯ ಮೇಲೆ ಪ್ರಾಣಬಿಟ್ಟ ಹೊತ್ತು. ಆಗ ಕೆಲಸದ ನಡುವೆ ಒಂದು ಕ್ಷಣ ಆತನ ಯಾತನೆಯನ್ನು ನೆನೆಯುವುದು ಬೇರೆ ಆಚರಣೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮೂರು ಗಂಟೆಗೆ ಮರದ ಮೇಲಿರುವವನು ಇಳಿದು ಬರಬೇಕಾಗಿಲ್ಲ. ಜಪವನ್ನು ರಾತ್ರಿ ಹೇಳಲಿ.

ಇಷ್ಟು ಸರಿಯಿದ್ದರೆ ಚೀಟಿ ಪಾಸು. ಪಾಸಾಗದವು ಬೇರೆ ಇವೆ: ‘ಒಂಬತ್ತು ದಿನದಲ್ಲಿ ಕೇಳಿದ್ದು ಖಂಡಿತ’, ‘ಇಷ್ಟು ಪ್ರತಿ ಹಂಚದಿದ್ದರೆ ಕೇಡು’ ಅಂತ ಕೊನೆಯಲ್ಲಿ ಹಾಕಿರುವವು. ಈಗ ಅವು ವಾಟ್ಸಾಪ್‌ನಲ್ಲೂ ಓಡಾಡುತ್ತವೆ. ಇಡೀ ಲೋಕಕ್ಕಾಗಿ ಬೇಡುವ ಜಪವನ್ನು ಹೆದರಿಸಿ ಮಾರುವ ಸರಕು ಇದು. ದೇವರ ಕರುಣೆ ನಾವು ಎಣಿಸಿದ್ದಕ್ಕೆ ಸಿಗುವ ಕೂಲಿಯಾಗಿದ್ದರೆ ಅದನ್ನು ಕರುಣೆ ಅಂತ ಯಾರು ಕರೆಯುತ್ತಿದ್ದರು? ಲೂಕನ ಶುಭಸಂದೇಶದ 15ನೇ ಅಧ್ಯಾಯ ಓದಿ ನೋಡಿ: ಹಾಳಾಗಿ ಬಂದ ಮಗ ತಾನು ಕಟ್ಟಿಕೊಂಡು ಬಂದ ಮಾತನ್ನು ಹೇಳಿ ಮುಗಿಸುವ ಮೊದಲೇ ಅಪ್ಪ ಓಡಿಬಂದು ತಬ್ಬಿಕೊಂಡಿರುತ್ತಾನೆ. ಮಣಿ ಇರುವುದು ನಮ್ಮ ಮನಸ್ಸು ಅತ್ತಿತ್ತ ಹಾರದಿರಲಿ ಅಂತ. ದೇವರಿಗೆ ಲೆಕ್ಕ ಒಪ್ಪಿಸುವುದಕ್ಕಲ್ಲ.

ತಪ್ಪು ಪಾಠ ಎಷ್ಟು ಕೆಲಸ ಕೆಡಿಸುತ್ತದೆ ಅನ್ನುವುದಕ್ಕೆ ಈ ಭಕ್ತಿಯ ಇತಿಹಾಸವೇ ಸಾಕ್ಷಿ. ಫಾಸ್ಟಿನಾ ಅವರ ಬರಹಗಳ ಆಧಾರದ ಮೇಲೆ ಈ ಭಕ್ತಿಯನ್ನು ಹರಡಬಾರದೆಂದು 1959ರಲ್ಲಿ ರೋಮ್ ತಡೆ ಹಾಕಿತ್ತು. ದೋಷವಿದ್ದ ಅನುವಾದಗಳೂ ಅದಕ್ಕೆ ಕಾರಣವಾಗಿದ್ದವು. ಮೂಲವನ್ನು ಮತ್ತೆ ಪರಿಶೀಲಿಸಿ 1978ರಲ್ಲಿ ತಡೆ ತೆಗೆದರು. 2000ದ ಏಪ್ರಿಲ್ 30ರಂದು ಜಗದ್ಗುರು (ಪೋಪ್) ಎರಡನೇ ಜಾನ್ ಪೌಲ್ ಫಾಸ್ಟಿನಾ ಅವರನ್ನು ಸಂತರೆಂದು ಸಾರಿದರು, ಪಾಸ್ಕದ (ಈಸ್ಟರ್) ಎರಡನೇ ಭಾನುವಾರ ದೈವಕರುಣೆಯ ಭಾನುವಾರವಾಯಿತು. ನವೇನ ಹಿಡಿಯುವವರು ಶುಭ ಶುಕ್ರವಾರ ಶುರುಮಾಡಿದರೆ ದೈವಕರುಣೆಯ ಭಾನುವಾರದ ಹಿಂದಿನ ಶನಿವಾರಕ್ಕೆ ಒಂಬತ್ತು ದಿನ ತುಂಬುತ್ತದೆ. ಆ ಭಾನುವಾರದ ಪೂರ್ಣ ದಂಡವಿಮೋಚನೆಗೆ (ಕ್ಷಮೆಯಾದ ಪಾಪಕ್ಕೆ ಉಳಿದ ಶಿಕ್ಷೆಯ ಮನ್ನಾಕ್ಕೆ) ಜಪ ಒಂದೇ ಸಾಲದು, ಪಾಪನಿವೇದನೆ, ಪರಮಪ್ರಸಾದ, ಜಗದ್ಗುರುಗಳ ಉದ್ದೇಶಕ್ಕಾಗಿ ಪ್ರಾರ್ಥನೆ ಮೂರೂ ಬೇಕು. ಬಹಳಷ್ಟು ಚೀಟಿಗಳು ಈ ಷರತ್ತುಗಳನ್ನು ನುಂಗಿಬಿಡುತ್ತವೆ. ಪಾಪನಿವೇದನೆಯನ್ನು ಭಾನುವಾರ ಬೆಳಿಗ್ಗೆಗೇ ಇಟ್ಟುಕೊಳ್ಳಬೇಡಿ. ಒಬ್ಬರೇ ಗುರುಗಳು ಎರಡು ಮೂರು ಕಡೆ ಬಲಿಪೂಜೆಗೆ ಓಡುವ ಒಳನಾಡಿನಲ್ಲಿ ಅವತ್ತು ಅವರು ಕೈಗೆ ಸಿಗುವುದು ಕಷ್ಟ. ಆ ವಾರದ ನಡುವೆಯೇ ಹೋಗಿಬನ್ನಿ.

ಪಟ ಕೊಳ್ಳುವವರು ಕಿರಣ ನೋಡಿ. ಪ್ರಭುವಿನ ಎದೆಯಿಂದ ಹೊರಡುವುದು ಎರಡು: ಮಂಕು ಬಿಳಿಯದು ನೀರು, ಕೆಂಪು ರಕ್ತ. ಈಟಿಯಿಂದ ಪಕ್ಕೆ ತಿವಿದಾಗ ಹರಿದದ್ದೆಂದು ಯೊವಾನ್ನನ ಶುಭಸಂದೇಶ ಹೇಳುವ ಅದೇ ರಕ್ತ, ಅದೇ ನೀರು. ಅಗ್ಗದ ಮುದ್ರಣದಲ್ಲಿ ಬಿಳಿ ಕಿರಣ ಕಡುನೀಲಿಯಾಗಿರುತ್ತದೆ, ಇಲ್ಲವೇ ಎರಡೂ ಬೆರೆತು ನೇರಳೆಯಾಗಿರುತ್ತವೆ. ಕೆಳಗೆ ‘ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ’ ಅನ್ನುವ ಸಾಲು ಇರಲೇಬೇಕು. 1931ರಲ್ಲಿ ಫಾಸ್ಟಿನಾ ಅವರಿಗೆ ಆದ ದರ್ಶನದಲ್ಲಿ ಪ್ರಭು ಪಟದ ಜೊತೆ ಕೇಳಿದ್ದೇ ಆ ಬರಹವನ್ನು. ಗಾಜು ಹಾಕಿಸಿ ಗೋಡೆಗೆ ಒತ್ತಿ ಹೊಡೆದರೆ ಹಿಂದಿನಿಂದ ತೇವ ಎಳೆದು ಮೂಲೆಯಲ್ಲಿ ಕಪ್ಪು ಚುಕ್ಕೆ ಶುರುವಾಗುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಅರ್ಧ ಅಂಗುಲದ ಮರದ ತುಂಡು ಅಂಟಿಸಿ ಗಾಳಿಗೆ ಜಾಗ ಬಿಡಿ. ಮಳೆ ಹೊಡೆಯುವ ಪಡುವಣ ಗೋಡೆ ಬೇಡ.

ಸರ ಕೊಂಡ ಮೇಲೆ ಗುರುಗಳಿಂದ ಆಶೀರ್ವಾದ ಮಾಡಿಸಿ. ‘ಆಶೀರ್ವದಿಸಿದ್ದು’ ಅಂತ ಬೆಲೆ ಏರಿಸಿ ಮಾರುವ ಕಡೆ ಕೊಳ್ಳಬೇಡಿ. ಹಾಗೆ ಮಾರಿದ ವಸ್ತುವಿಗೆ ದಂಡವಿಮೋಚನೆ ನಿಲ್ಲುವುದಿಲ್ಲ ಅನ್ನುವುದು ಧರ್ಮಸಭೆಯ ನಿಯಮ. ಬೈಕಿನ ಕನ್ನಡಿಗೆ ಸುತ್ತುವುದು ನಿಮ್ಮಿಷ್ಟ. ತಾಯಿತದ ಹಾಗೆ ಅದೇನೂ ಅಪಘಾತ ತಡೆಯುವುದಿಲ್ಲ, ಹೆಲ್ಮೆಟ್ ಹಾಕಿ. ಮೊಬೈಲ್ ಆ್ಯಪ್‌ಗಳಲ್ಲಿ ಪಾಠ ಸಿಗುತ್ತದೆ, ಕಲಿಯುವವರಿಗೆ ಅನುಕೂಲ, ಆದರೆ ಮೂರನೇ ದಶಕಕ್ಕೆ ಯಾರದೋ ಮೆಸೇಜು ಇಣುಕುತ್ತದೆ.

ಕರುಣೆ ಬೇಡುವವನು ಕರುಣೆ ತೋರಲೂಬೇಕು, ಕೃತ್ಯದಿಂದ, ಮಾತಿನಿಂದ, ಪ್ರಾರ್ಥನೆಯಿಂದ ಎಂದು ಫಾಸ್ಟಿನಾ ಅವರ ದಿನಚರಿ ಮೂರು ದಾರಿ ಹೇಳುತ್ತದೆ. ಇಲ್ಲಿ ಚೀಟಿಗಳಲ್ಲಿ ಮೂರನೆಯದು ಮಾತ್ರ ಅಚ್ಚಾಗಿರುತ್ತದೆ. ಆದ್ದರಿಂದ ಸರ ಕೊಳ್ಳುವಾಗ ಒಂದರ ಬದಲು ಎರಡು ನೈಲಾನಿನವು ತೆಗೆದುಕೊಳ್ಳಿ, ಒಂದು ಕ್ರಿಸ್ಟಲ್‌ನ ಬೆಲೆಗೆ ಬಹಳ ಕಡೆ ಎರಡಕ್ಕಿಂತ ಹೆಚ್ಚೇ ಬರುತ್ತವೆ. ಇನ್ನೊಂದನ್ನು ಹಾಸಿಗೆ ಹಿಡಿದ ನೆರೆಯವರಿಗೆ ನೀವೇ ಹೋಗಿ ಕೊಟ್ಟು, ಕೂತು ಒಂದು ಸುತ್ತು ಜೊತೆಗೆ ಹೇಳಿ ಬನ್ನಿ.

ಹರಿದ ಸರವನ್ನು ಕಸದ ಗಾಡಿಗೆ ಹಾಕಬೇಡಿ. ಶಿಲುಬೆ, ಪದಕ ಚೆನ್ನಾಗಿದ್ದರೆ ಹೊಸ ದಾರಕ್ಕೆ ಸೇರಿಸಬಹುದು. ಆಗದ್ದನ್ನು, ಮರದ್ದಾದರೆ ಸುಟ್ಟು ಬೂದಿಯನ್ನೂ, ಲೋಹ ಪ್ಲಾಸ್ಟಿಕ್ಕಿನದಾದರೆ ಹಾಗೆಯೇ, ಯಾರೂ ತುಳಿಯದ ಕಡೆ ಹೂಳಿ. ತೋಟವಿದ್ದವರಿಗೆ ಇದೇನು ಕಷ್ಟವಲ್ಲ, ಪೇಟೆಯ ಬಾಡಿಗೆ ಮನೆಯವರು ದೇವಾಲಯದ ಕಚೇರಿಯಲ್ಲಿ ಕೇಳಿ ಕೊಟ್ಟುಬಿಡಿ.