ತಮ್ಮನಿಗಾಗಿ ವರ್ಷವಿಡೀ ಕೊಂಡ ಝಿಂಕ್ ಆಕ್ಸೈಡ್ ಸನ್‌ಸ್ಕ್ರೀನ್

ಚರ್ಮಕ್ಕೆ ಬಣ್ಣ ಕೊಟ್ಟು ಬಿಸಿಲಿನಿಂದ ಕಾಯುವ ಮೆಲನಿನ್ ಹುಟ್ಟಿನಿಂದಲೇ ಮೈಯಲ್ಲಿ ಇಲ್ಲದ ನನ್ನ ತಮ್ಮ ರಾಯಚೂರಿನ ಬಿಸಿಲಿನಲ್ಲಿ ಹೊಲ ನೋಡಿಕೊಳ್ಳುವವನು. ಕಳೆದ ವರ್ಷ ಅವನ ಕಿವಿಯ ಅಂಚನ್ನು ಬೆರಳಿನಿಂದ ಸವರಿದ ಚರ್ಮವೈದ್ಯರು, ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಮುಟ್ಟಿದರೆ ಮರಳು ಕಾಗದದಂತೆ ಒರಟಾಗಿದ್ದ ಕಲೆಯೊಂದನ್ನು ಗುರುತಿಸಿದರು. ಅದು ಬಿಸಿಲಿನಿಂದ ಚರ್ಮ ಕೆಟ್ಟು ಆಗುವ ಆಕ್ಟಿನಿಕ್ ಕೆರಟೋಸಿಸ್, ಹಾಗೆಯೇ ಬಿಟ್ಟರೆ ಕೆಲವೊಮ್ಮೆ ಕ್ಯಾನ್ಸರಿಗೆ ತಿರುಗಬಹುದು ಎಂದು ಹೇಳಿ, ದ್ರವ ಸಾರಜನಕ ಸಿಂಪಡಿಸಿ ಅದನ್ನು ತೆಗೆದರು. ಅವರು ಬರೆದುಕೊಟ್ಟದ್ದು ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಶಕ್ತಿಯ ಅಳತೆ) 50ರ ಈ ಕ್ರೀಮ್.

ಇದು ಗಟ್ಟಿಯಾಗಿದ್ದು, ಹಚ್ಚಿದ ಮೇಲೆ ಬೂದಿ ಬಳಿದಂತೆ ಬೆಳ್ಳಗೆ ಉಳಿಯುತ್ತದೆ. ಹಲವರು ಇದನ್ನೇ ದೋಷವೆನ್ನುತ್ತಾರೆ. ನಮಗೆ ಅದು ಉಪಕಾರವಾಯಿತು, ಏಕೆಂದರೆ ಕಿವಿಯ ಹಿಂಭಾಗ, ಕತ್ತಿನ ಹಿಂಬದಿಗಳಲ್ಲಿ ಎಲ್ಲಿ ತಪ್ಪಿದೆ ಎಂಬುದು ತಕ್ಷಣ ತಿಳಿಯುತ್ತದೆ. ಬೆವರಿಗೆ ಕಣ್ಣೊಳಗೆ ಇಳಿದರೂ ಅವನಿಗೆ ಉರಿಯಲಿಲ್ಲ.

ನನ್ನ ಆಕ್ಷೇಪವಿರುವುದು ಅಳತೆಯ ಬಗ್ಗೆ. ಎಸ್‌ಪಿಎಫ್ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ನಾವು ಕಡಲೆಕಾಳಿನಷ್ಟು ತೆಗೆದುಕೊಂಡು ಮುಖವೆಲ್ಲ ತಿಕ್ಕಿಕೊಂಡರೆ ಡಬ್ಬಿಯ ಮೇಲಿನ 50 ನಮಗೆ ದಕ್ಕುವುದಿಲ್ಲ. ಮುಖ ಮತ್ತು ಕತ್ತಿಗೆ ಎರಡು ಬೆರಳುಗಳ ಉದ್ದಕ್ಕೂ ಹಿಂಡಿದಷ್ಟು ಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಈ ಲೆಕ್ಕದಲ್ಲಿ 50 ಗ್ರಾಂ ಟ್ಯೂಬು ನಮ್ಮಲ್ಲಿ ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಡಬ್ಬಿಯ ಮೇಲೆ ‘ತೆಳುವಾಗಿ ಲೇಪಿಸಿ’ ಎಂದಷ್ಟೇ ಬರೆದಿರುವುದು ನನಗೆ ಸರಿಕಾಣುವುದಿಲ್ಲ, ಅದನ್ನು ನಂಬಿ ನಾವು ಮೊದಲ ಎರಡು ತಿಂಗಳು ತೀರ ಕಡಿಮೆ ಹಚ್ಚಿದೆವು.

ಇಷ್ಟು ಖರ್ಚು ಸಾರ್ಥಕವೇ ಎಂದು ಅಪ್ಪ ಕೇಳಿದ್ದರು. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 1992ರಿಂದ 1621 ಜನರ ಮೇಲೆ ನಡೆದ ಪ್ರಯೋಗದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಸ್ಕ್ವಾಮಸ್ ಜೀವಕೋಶದ ಚರ್ಮದ ಕ್ಯಾನ್ಸರ್ ಗಡ್ಡೆಗಳು ಸುಮಾರು ಶೇ 40ರಷ್ಟು ಕಡಿಮೆ ಕಂಡುಬಂದವು ಎಂದು ಅವರಿಗೆ ವಿವರಿಸಿದೆ. ಅಲ್ಲಿಯವರ ಬಿಳಿ ಚರ್ಮಕ್ಕೇ ಅಷ್ಟು ಅಗತ್ಯವಿದ್ದರೆ, ಮೆಲನಿನ್ನೇ ಇಲ್ಲದ ನಮ್ಮ ಹುಡುಗನಿಗೆ ಅದು ಇನ್ನೂ ಹೆಚ್ಚು ಬೇಕು.

ಹಾಗೆಂದು ಕ್ರೀಮೊಂದನ್ನೇ ನಂಬಬೇಡಿ. ತುಂಬುತೋಳಿನ ದಪ್ಪ ಅಂಗಿ, ಕಿವಿ ಮುಚ್ಚುವಂತೆ ಸುತ್ತಿದ ರುಮಾಲು ಬೆವರಿಗೆ ತೊಳೆದುಹೋಗುವುದಿಲ್ಲ. ಅವು ಮುಚ್ಚದ ಜಾಗಕ್ಕೆ ಈ ಕ್ರೀಮ್. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಇದೇ ಕ್ರೀಮನ್ನು 200 ಗ್ರಾಂ ಡಬ್ಬಿಯಲ್ಲಿ, ಹೊಲದಲ್ಲಿ ದುಡಿಯುವವರಿಗೆ ಎಟಕುವ ಬೆಲೆಗೆ ಕೊಟ್ಟರೆ ಐದನೆಯದನ್ನೂ ಕೊಡುತ್ತೇನೆ.