ಕೆಲಸ ಹೋಯ್ತು ಅಂತ ಜೀವನಾಂಶ ತಾನಾಗೇ ಕಮ್ಮಿಯಾಗಲ್ಲ, ಹುಷಾರು

ಮಗುವಿಗೆ ತಿಂಗಳು ತಿಂಗಳು ಜೀವನಾಂಶ ಕಟ್ಟುತ್ತಿರುವವರು, ಅದರಲ್ಲೂ ಈಗಷ್ಟೇ ಕೆಲಸ ಕಳೆದುಕೊಂಡವರು, ದಯವಿಟ್ಟು ಓದಿ. ನನ್ನ ತಮ್ಮ ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ಮಗಳಿಗೆ ತಿಂಗಳಿಗೆ ಇಷ್ಟು ಕೊಡಬೇಕು ಅಂತ ಫ್ಯಾಮಿಲಿ ಕೋರ್ಟ್ ಆದೇಶ ಇತ್ತು. ತಪ್ಪದೆ ಕಟ್ಟುತ್ತಿದ್ದ. ಆಮೇಲೆ ಕಂಪನಿಯಲ್ಲಿ ಜನರನ್ನು ತೆಗೆಯೋಕೆ ಶುರು ಮಾಡಿದರು, ಪಟ್ಟಿಯಲ್ಲಿ ಇವನ ಹೆಸರೂ ಬಂತು. 'ಬೇರೆ ಕೆಲಸ ಸಿಗುವವರೆಗೆ ಅರ್ಧ ಕಳಿಸ್ತೀನಿ' ಅಂತ ಮಗುವಿನ ಅಮ್ಮನಿಗೆ ವಾಟ್ಸಾಪ್ ಮಾಡಿದ. ಆ ಕಡೆಯಿಂದ 'ಸರಿ' ಅಂತ ಉತ್ತರ ಬಂತು. ಪರಿಚಯದ ವಕೀಲರೊಬ್ಬರನ್ನು ಕೇಳಿದರೆ, 'ಇಷ್ಟಕ್ಕೆಲ್ಲ ಕೋರ್ಟ್ ಯಾಕ್ರೀ, ಅವರು ಕೇಸ್ ಹಾಕಿದಾಗ ನೋಡ್ಕೊಂಡ್ರಾಯ್ತು' ಅಂದುಬಿಟ್ಟರು. ಕೈ ಖಾಲಿ ಇರುವವನಿಗೆ ಇಂಥ ಮಾತು ಹಿತವಾಗಿಯೇ ಕೇಳಿಸುತ್ತೆ, ಅಲ್ವಾ?

ಕೊನೆಗೆ ಬಂದದ್ದು ಬಾಕಿ ವಸೂಲಿಯ ನೋಟಿಸ್. ಅದರ ಜೊತೆ ಒಂದು ಪಟ್ಟಿ: ತಿಂಗಳು, ಕೊಡಬೇಕಾದದ್ದು, ಕೊಟ್ಟದ್ದು, ಬಾಕಿ. ಆ 'ಸರಿ' ಮೆಸೇಜಿನ ಪ್ರಿಂಟ್ ಹಿಡಿದು ನಿಂತರೆ ನ್ಯಾಯಾಧೀಶರು ಕೇಳಿದ್ದು ಒಂದೇ: 'ಆದೇಶ ಬದಲಾಗಿದೆಯಾ?' ಇಲ್ಲ. ಹಾಗಾದರೆ ಹಳೇ ಮೊತ್ತವೇ ಲೆಕ್ಕ. ಅವಳ ಮೇಲೆ ನನಗೆ ಕೋಪ ಇಲ್ಲ. ಮಗುವಿನ ಖರ್ಚು ಯಾರಿಗೂ ಕಾಯೋದಿಲ್ಲ.

ಆಗ ಅರ್ಜಿ ಹಾಕಿಸಿದೆವು. ಪರಿಸ್ಥಿತಿ ಬದಲಾದರೆ ಜೀವನಾಂಶ ಬದಲಿಸಲು ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 127 ಇತ್ತು. ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ಬಿಎನ್‌ಎಸ್‌ಎಸ್) ಅದೇ ಸೆಕ್ಷನ್ 146. ಆದೇಶ ಬೇರೆ ಕಾಯ್ದೆಯಡಿ ಆಗಿದ್ದರೆ ದಾರಿಯೂ ಬೇರೆ, ಮೊದಲು ಆದೇಶದ ಪ್ರತಿ ತೆಗೆದು ನೋಡಿ.

ನಿಜವಾದ ಏಟು ಬಿದ್ದದ್ದು ಇಲ್ಲಿ. ತೆಗೆದುಹಾಕುವಾಗ ಕಂಪನಿಯವರು ಇವನ ಕೈಯಲ್ಲೇ ರಾಜೀನಾಮೆ ಬರೆಸಿಕೊಂಡಿದ್ದರು. 'ಹಾಗೆ ಮಾಡಿದರೆ ಮುಂದೆ ಕೆಲಸ ಸಿಗೋಕೆ ಒಳ್ಳೇದು' ಅಂದಿದ್ದರಂತೆ. ರಿಲೀವಿಂಗ್ ಲೆಟರ್‌ನಲ್ಲೂ 'ವೈಯಕ್ತಿಕ ಕಾರಣ' ಅಂತಲೇ ಇದೆ. ಎದುರು ವಕೀಲರು ಅದನ್ನೇ ಹಿಡಿದರು: ಜೀವನಾಂಶ ತಪ್ಪಿಸೋಕೆ ತಾನೇ ಕೆಲಸ ಬಿಟ್ಟಿದ್ದಾನೆ, ಓದಿದವನು, ಗಟ್ಟಿಮುಟ್ಟಾಗಿದ್ದಾನೆ, ದುಡಿಯಬಹುದು. ಕೋರ್ಟುಗಳು ಈ ವಾದಕ್ಕೆ ಕಿವಿಗೊಡುತ್ತವೆ. ಇವತ್ತಿನ ಸಂಬಳ ಮಾತ್ರ ಅಲ್ಲ, ದುಡಿಯುವ ಶಕ್ತಿಯನ್ನೂ ನೋಡುತ್ತವೆ. ಕಂಪನಿಯವರೇ ತೆಗೆದದ್ದು ಅಂತ ತೋರಿಸುವ, ಎಚ್‌ಆರ್ ಕಳಿಸಿದ್ದ ಹಳೇ ಇಮೇಲ್ ಒಂದು ತಮ್ಮನ ಸ್ವಂತ ಮೇಲ್‌ನಲ್ಲಿ ಉಳಿದಿತ್ತು, ಅದರಿಂದ ಬಚಾವ್. ಆಫೀಸ್ ಮೇಲ್ ಅಂತೂ ಅವತ್ತೇ ಬಂದ್ ಆಗಿತ್ತು.

ಆಸ್ತಿ, ಸಾಲದ ಅಫಿಡವಿಟ್ ಕೂಡ ಕೊಡಬೇಕು. 2020ರ ರಜನೇಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇಬ್ಬರಿಗೂ ಕಡ್ಡಾಯ ಮಾಡಿದೆ. ಅದರಲ್ಲಿ ಏನನ್ನೂ ಮುಚ್ಚಿಡೋಕೆ ಹೋಗಬೇಡಿ.

ಕೊನೆಗೆ ಮೊತ್ತ ಕಮ್ಮಿಯಾಯಿತು, ಆದರೆ ಅರ್ಜಿ ಹಾಕಿದ ದಿನದಿಂದ ಮಾತ್ರ. ಹಿಂದಿನ ಬಾಕಿ ಹಾಗೇ ಉಳಿಯಿತು, ಕಂತಿನಲ್ಲಿ ಕಟ್ಟುತ್ತಿದ್ದಾನೆ. ಬಾಕಿ ಕಟ್ಟದೇ ಇದ್ದರೆ ಒಂದೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಅನ್ನುವವರ ಮಾತು ಸುಳ್ಳು. ಅದು ತೀರಲ್ಲ.

ಹಾಗಾಗಿ ಕೆಲಸ ಹೋದ ವಾರದಲ್ಲೇ ಅರ್ಜಿ ಹಾಕಿ. ತೀರ್ಮಾನ ಆಗುವವರೆಗೆ ಕೈಲಾದಷ್ಟನ್ನು ಬ್ಯಾಂಕ್ ಮೂಲಕವೇ ಕಳಿಸಿ. ಕೈಗೆ ಕೊಟ್ಟ ದುಡ್ಡಿಗೆ ಸಾಕ್ಷಿ ಇರಲ್ಲ. ಮಾತುಕತೆಯಲ್ಲಿ ಇಬ್ಬರೂ ಒಪ್ಪಿದ್ದರೆ ಸಂತೋಷ, ಅದನ್ನೇ ಜಂಟಿಯಾಗಿ ಬರೆದು ಕೋರ್ಟಿಗೆ ಕೊಟ್ಟು ಆದೇಶ ಮಾಡಿಸಿಕೊಳ್ಳಿ.

ಮಗುವನ್ನು ಸಾಕುತ್ತಿರುವ ಅಮ್ಮಂದಿರೂ ಗಮನಿಸಿ. ಖರ್ಚು ಜಾಸ್ತಿಯಾದರೆ ಏರಿಸಿ ಅಂತ ಕೇಳೋಕೂ ಇದೇ ಸೆಕ್ಷನ್. ಈ ಕಾಯ್ದೆಯಡಿ ವಸೂಲಿ ವಾರಂಟ್ ಬೇಕಾದರೆ, ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವಕೀಲರ ಫೀಸಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ, ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.